ಪ್ರಾಚೀನ ಗ್ರೀಕರು ಜಗತ್ತಿಗೆ ಕೊಟ್ಟದ್ದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಚೀನ ಗ್ರೀಸ್ ಅಂದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಸಾಕ್ರೆಟಿಸ್, ಅಲೆಕ್ಸಾಂಡರ್, ಒಲಿಂಪಿಕ್ಸ್ ಮತ್ತು ಬಿಳಿ ಅಮೃತಶಿಲೆಯ ಕಂಬಗಳು. ನನಗೆ ಆ ಕಂಬಗಳಿಗಿಂತ ದೊಡ್ಡದಾಗಿ ಕಾಣುವುದು ಅವರ ಒಂದು ಅಭ್ಯಾಸ. ಏನನ್ನೇ ಹೇಳಿದರೂ ಹತ್ತು ಜನರ ಎದುರು ಕಾರಣ ಕೊಡಬೇಕು, ಕೇಳುವವರು ಅದನ್ನು ಪ್ರಶ್ನಿಸಬಹುದು ಅನ್ನುವ ಅಭ್ಯಾಸ. ಗಣಿತ, ರಾಜಕೀಯ, ವೈದ್ಯ, ನಾಟಕ ಎಲ್ಲದರಲ್ಲೂ ಅದು ಕಾಣುತ್ತದೆ. ಆ ಅಭ್ಯಾಸ ಸೋತ ಜಾಗಗಳೂ ಇವೆ. ಕೆಳಗಿನ ಉತ್ತರಗಳಲ್ಲಿ ಎರಡನ್ನೂ ಹೇಳಿದ್ದೇನೆ.

ಪ್ರಾಚೀನ ಗ್ರೀಸ್ ಅಂದರೆ ಯಾವ ಕಾಲ, ಯಾವ ದೇಶ?

ಅದು ಒಂದು ದೇಶವೇ ಆಗಿರಲಿಲ್ಲ. ಸಾವಿರಕ್ಕೂ ಜಾಸ್ತಿ ಸಣ್ಣ ದೊಡ್ಡ ನಗರರಾಜ್ಯಗಳಿದ್ದವು. ಒಂದೊಂದಕ್ಕೂ ತನ್ನದೇ ಕಾನೂನು, ತನ್ನದೇ ಸೈನ್ಯ, ಎಷ್ಟೋ ನಗರಗಳಿಗೆ ತನ್ನದೇ ನಾಣ್ಯ. ಇವು ಇಂದಿನ ಗ್ರೀಸ್‌ನಲ್ಲಿ ಮಾತ್ರ ಇರಲಿಲ್ಲ. ಗ್ರೀಕ್ ತತ್ತ್ವಶಾಸ್ತ್ರ ಶುರುವಾದ ಮಿಲೆಟಸ್ ಈಗ ಟರ್ಕಿಯಲ್ಲಿದೆ. ಆರ್ಕಿಮಿಡೀಸ್ ಹುಟ್ಟಿದ ಸಿರಾಕ್ಯೂಸ್ ಇಟಲಿಯ ಸಿಸಿಲಿ ದ್ವೀಪದಲ್ಲಿದೆ. ಯೂಕ್ಲಿಡ್ ಕೆಲಸ ಮಾಡಿದ ಅಲೆಕ್ಸಾಂಡ್ರಿಯ ಈಜಿಪ್ಟಿನಲ್ಲಿದೆ. ಒಂದೇ ಭಾಷೆ, ಒಂದೇ ದೇವತೆಗಳು, ಹೋಮರನ ಕಾವ್ಯಗಳು, ನಾಲ್ಕು ವರ್ಷಕ್ಕೊಮ್ಮೆ ಸೇರುವ ಆಟಗಳು ಇವರನ್ನೆಲ್ಲ ಒಂದು ಜನವಾಗಿ ಹಿಡಿದಿಟ್ಟಿದ್ದವು.

ಕಾಲದ ಲೆಕ್ಕ ಸ್ಥೂಲವಾಗಿ ಹೀಗಿದೆ. ಮೊದಲು ಕ್ರೀಟ್ ದ್ವೀಪದ ಅರಮನೆಗಳು, ಆಮೇಲೆ ಮೈಸೀನಿಯ ಕೋಟೆಗಳು. ಕ್ರಿ.ಪೂ. 1200ರ ಹೊತ್ತಿಗೆ ಅದೆಲ್ಲ ಕುಸಿಯಿತು, ಬರವಣಿಗೆಯೂ ಮರೆತುಹೋಯಿತು. ಕ್ರಿ.ಪೂ. 8ನೇ ಶತಮಾನದಲ್ಲಿ ಮತ್ತೆ ಚಿಗುರು ಬಂತು. 5ನೇ ಶತಮಾನ ಅಥೆನ್ಸ್‌ನ ಉಚ್ಛ್ರಾಯದ ಕಾಲ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಬ್ಯಾಬಿಲೋನಿನಲ್ಲಿ ತೀರಿಕೊಂಡ ಮೇಲೆ ಗ್ರೀಕ್ ಭಾಷೆ ಈಜಿಪ್ಟಿನಿಂದ ಆಫ್ಘಾನಿಸ್ತಾನದವರೆಗೆ ಹರಡಿತು. ಕ್ರಿ.ಪೂ. 146ರಲ್ಲಿ ರೋಮನ್ನರು ಕೊರಿಂಥ್ ನಗರವನ್ನು ನೆಲಸಮ ಮಾಡಿದರು. ಗ್ರೀಸ್ ಅವರ ಕೈಗೆ ಹೋಯಿತು. ಭಾಷೆ ಮತ್ತು ವಿದ್ಯೆ ಮಾತ್ರ ಉಳಿದವು.

ಎಲ್ಲವನ್ನೂ ಗ್ರೀಕರೇ ಕಂಡುಹಿಡಿದರು ಅನ್ನುವುದು ನಿಜವಾ?

ಅಲ್ಲ. ಅಕ್ಷರಗಳನ್ನು ಅವರು ಫಿನೀಷಿಯನ್ ವರ್ತಕರಿಂದ ಕಲಿತರು. ಆ ಲಿಪಿಯಲ್ಲಿ ವ್ಯಂಜನಗಳು ಮಾತ್ರ ಇದ್ದವು. ಗ್ರೀಕರು ಸ್ವರಗಳಿಗೂ ಅಕ್ಷರ ಕೊಟ್ಟರು. ಕಲ್ಲಿನಲ್ಲಿ ಆಳೆತ್ತರದ ಮೂರ್ತಿ ಕಡೆಯುವುದನ್ನು ಈಜಿಪ್ಟಿನಿಂದ ಕಲಿತರು. ಗ್ರಹಣದ ಲೆಕ್ಕ ಬ್ಯಾಬಿಲೋನಿನಿಂದ ಬಂತು. ಪೈಥಾಗೊರಸ್ ಪ್ರಮೇಯದ ಸಂಗತಿ ಪೈಥಾಗೊರಸ್ ಹುಟ್ಟುವುದಕ್ಕೆ ಸಾವಿರ ವರ್ಷ ಮೊದಲೇ ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲಿದೆ. ನಮ್ಮ ಬೌಧಾಯನ ಶುಲ್ಬಸೂತ್ರದಲ್ಲೂ ಇದೆ.

ಹಾಗಾದರೆ ಗ್ರೀಕರದ್ದು ಏನು? ಗಣಿತದ ‘ಸಾಧನೆ’, ಅಂದರೆ ಒಂದು ಮಾತು ಯಾಕೆ ನಿಜ ಎಂದು ಕಾರಣ ಕೊಟ್ಟು ರುಜುವಾತು ಮಾಡುವುದು. ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೆ 13 ಭಾಗಗಳ ಒಂದು ಗ್ರಂಥ ಬರೆದ. ಎಲ್ಲರೂ ಒಪ್ಪುವ ಕೆಲವೇ ಮಾತುಗಳಿಂದ ಹೊರಟು, ಒಂದರ ಮೇಲೊಂದು ಮೆಟ್ಟಿಲು ಕಟ್ಟುತ್ತಾ ನೂರಾರು ಪ್ರಮೇಯಗಳನ್ನು ತೋರಿಸಿದ. ಅವನ ಒಂದು ವಾದ ನೋಡಿ. ಅವಿಭಾಜ್ಯ ಸಂಖ್ಯೆಗಳು ಇಷ್ಟೇ ಇವೆ ಎಂದು ಯಾರೋ ಪಟ್ಟಿ ಕೊಟ್ಟರು ಅಂದುಕೊಳ್ಳಿ. ಆ ಪಟ್ಟಿಯಲ್ಲಿರುವ ಎಲ್ಲವನ್ನೂ ಗುಣಿಸಿ ಒಂದು ಸೇರಿಸಿ. ಬಂದ ಸಂಖ್ಯೆಯನ್ನು ಪಟ್ಟಿಯ ಯಾವ ಸಂಖ್ಯೆಯಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಅಂದಮೇಲೆ ಪಟ್ಟಿಯಲ್ಲಿಲ್ಲದ ಇನ್ನೊಂದು ಅವಿಭಾಜ್ಯ ಸಂಖ್ಯೆ ಇರಲೇಬೇಕು. ಎಷ್ಟು ಉದ್ದದ ಪಟ್ಟಿ ಕೊಟ್ಟರೂ ಇದೇ ಗತಿ. ಯಾವ ರಾಜನ ಅಪ್ಪಣೆಯೂ ಬೇಡ, ಯಾವ ಗುರುವಿನ ಮಾತೂ ಬೇಡ, ಯಾರು ಬೇಕಾದರೂ ಕೂತು ಪರೀಕ್ಷಿಸಬಹುದು. ಇಂದಿಗೂ ಕಾಲೇಜಿನಲ್ಲಿ ಹೇಳಿಕೊಡುವುದು ಇದೇ ವಾದವನ್ನು.

ಅಥೆನ್ಸ್‌ನ ಪ್ರಜಾಪ್ರಭುತ್ವ ನಿಜವಾಗಿ ಹೇಗೆ ನಡೆಯುತ್ತಿತ್ತು?

ನಮ್ಮದಕ್ಕಿಂತ ಬಹಳ ಬೇರೆಯಾಗಿ. ನಾವು ಐದು ವರ್ಷಕ್ಕೊಮ್ಮೆ ಪ್ರತಿನಿಧಿಯನ್ನು ಆರಿಸುತ್ತೇವೆ. ಅಥೆನ್ಸಿನ ನಾಗರಿಕರು ತಾವೇ ಪ್ನಿಕ್ಸ್ ಎಂಬ ಗುಡ್ಡದ ಮೇಲೆ ಸೇರಿ ಕಾನೂನು, ಯುದ್ಧ, ತೆರಿಗೆ ಎಲ್ಲವನ್ನೂ ಕೈ ಎತ್ತಿ ತೀರ್ಮಾನಿಸುತ್ತಿದ್ದರು. ಕ್ರಿ.ಪೂ. 4ನೇ ಶತಮಾನದಲ್ಲಿ ವರ್ಷಕ್ಕೆ 40 ಸಭೆ ನಡೆಯುತ್ತಿದ್ದವು. ಕೆಲವು ತೀರ್ಮಾನಗಳಿಗೆ ಕನಿಷ್ಠ 6,000 ಜನ ಇರಲೇಬೇಕಿತ್ತು. ಸಭೆ ಶುರುವಾದಾಗ ಸಾರುವವನು ನಿಂತು ‘ಯಾರು ಮಾತಾಡುತ್ತೀರಿ?’ ಎಂದು ಕೂಗುತ್ತಿದ್ದ. ಚಮ್ಮಾರನೂ ಏಳಬಹುದಿತ್ತು, ಹಡಗಿನ ಮಾಲೀಕನೂ ಏಳಬಹುದಿತ್ತು.

ಕ್ರಿ.ಪೂ. 508ರಲ್ಲಿ ಕ್ಲೀಸ್ಥನೀಸ್ ಹಳೆಯ ಕುಲಗಳ ಹಿಡಿತ ಮುರಿದು, ಜನರನ್ನು ಹತ್ತು ಹೊಸ ಬಣಗಳಾಗಿ ವಿಂಗಡಿಸಿದ. ಒಂದೊಂದು ಬಣದಲ್ಲೂ ಪಟ್ಟಣದವರು, ಕರಾವಳಿಯವರು, ಒಳನಾಡಿನವರು ಬೆರೆತಿರುವಂತೆ ನೋಡಿಕೊಂಡ. ಬಣಕ್ಕೆ 50 ಜನರಂತೆ 500 ಜನರ ಒಂದು ಮಂಡಳಿ ಸಭೆಯ ಕಾರ್ಯಸೂಚಿ ತಯಾರಿಸುತ್ತಿತ್ತು. ಈ 500 ಜನರನ್ನು ಚುನಾವಣೆಯಿಂದ ಆರಿಸುತ್ತಿರಲಿಲ್ಲ. ಚೀಟಿ ಎತ್ತುತ್ತಿದ್ದರು. ಒಬ್ಬನಿಗೆ ಜೀವಮಾನದಲ್ಲಿ ಎರಡೇ ಸಲ ಅವಕಾಶ. ಚುನಾವಣೆಯಲ್ಲಿ ಹಣವಂತರು, ಮಾತುಗಾರರು, ದೊಡ್ಡ ಮನೆತನದವರೇ ಗೆಲ್ಲುತ್ತಾರೆ ಅನ್ನುವುದು ಅವರ ಅನುಭವ. ಸೇನಾಪತಿಗಳನ್ನು ಮಾತ್ರ ಮತ ಹಾಕಿ ಆರಿಸುತ್ತಿದ್ದರು, ಯುದ್ಧ ಗೊತ್ತಿಲ್ಲದವನಿಗೆ ಸೈನ್ಯ ಕೊಡಲಾಗದಲ್ವಾ?

ನ್ಯಾಯಾಲಯಕ್ಕೂ ಚೀಟಿಯೇ. ವರ್ಷಕ್ಕೆ 6,000 ಜನ ನ್ಯಾಯದರ್ಶಿಗಳ ಪಟ್ಟಿ. ಪ್ರತಿ ಮೊಕದ್ದಮೆಗೆ ಅವರಲ್ಲಿ ನೂರಾರು ಜನ ಕೂರುತ್ತಿದ್ದರು. ಆ ದಿನ ಯಾರು ಕೂರಬೇಕು ಎಂಬುದನ್ನು ಅದೇ ದಿನ ಬೆಳಿಗ್ಗೆ ಕಲ್ಲಿನ ಯಂತ್ರವೊಂದು ತೀರ್ಮಾನಿಸುತ್ತಿತ್ತು. ಕಲ್ಲಿನ ಚಪ್ಪಡಿಯಲ್ಲಿ ಸಾಲುಸಾಲಾಗಿ ಸೀಳುಗಳು. ಅವುಗಳಲ್ಲಿ ಜನರ ಹೆಸರು ಕೊರೆದ ತಗಡು ಸಿಕ್ಕಿಸುತ್ತಿದ್ದರು. ಪಕ್ಕದ ಕೊಳವೆಗೆ ಕಪ್ಪು ಬಿಳಿ ಗೋಲಿಗಳನ್ನು ಸುರಿಯುತ್ತಿದ್ದರು. ಬಿಳಿ ಗೋಲಿ ಬಿದ್ದರೆ ಆ ಸಾಲಿನವರೆಲ್ಲ ಕೆಲಸಕ್ಕೆ, ಕಪ್ಪು ಬಿದ್ದರೆ ಮನೆಗೆ. ಲಂಚ ಕೊಡಬೇಕೆಂದರೂ ಯಾರಿಗೆ ಕೊಡುವುದು? ಬಡವರೂ ಬರಲಿ ಎಂದು ಅಥೆನ್ಸಿನ ನಾಯಕ ಪೆರಿಕ್ಲಿಸ್ ದಿನಗೂಲಿಯನ್ನೂ ಗೊತ್ತುಮಾಡಿದ. ವಾದಿ, ಪ್ರತಿವಾದಿ ಇಬ್ಬರಿಗೂ ಸಮನಾದ ಹೊತ್ತು ಸಿಗಲೆಂದು ನೀರಿನ ಗಡಿಯಾರ ಇತ್ತು.

ಇನ್ನೊಂದು ವಿಚಿತ್ರ ಏರ್ಪಾಡೂ ಇತ್ತು. ಯಾವನಾದರೂ ಅತಿ ಬಲಶಾಲಿಯಾಗುತ್ತಿದ್ದಾನೆ ಅನಿಸಿದರೆ ಮಡಕೆಯ ಚೂರಿನ ಮೇಲೆ ಅವನ ಹೆಸರು ಗೀಚಿ ಹಾಕುವುದು. 6,000 ಜನ ಮತ ಹಾಕಿದ ಸಲ ಯಾರ ಹೆಸರು ಹೆಚ್ಚು ಬಂತೋ ಅವನು ಹತ್ತು ವರ್ಷ ಊರು ಬಿಡಬೇಕು. ಆಸ್ತಿ ಹೋಗುವುದಿಲ್ಲ, ಮಾನವೂ ಹೋಗುವುದಿಲ್ಲ, ವಾಪಸ್ ಬಂದು ಮತ್ತೆ ಬಾಳಬಹುದು. ಅಂಥ ಸಾವಿರಾರು ಚೂರುಗಳು ಅಥೆನ್ಸ್‌ನ ನೆಲದಲ್ಲಿ ಸಿಕ್ಕಿವೆ. ಒಂದು ಬಾವಿಯಲ್ಲಿ ಸಿಕ್ಕ 190 ಚೂರುಗಳಲ್ಲೂ ರಾಜಕೀಯ ನಾಯಕ ಥೆಮಿಸ್ಟೊಕ್ಲಿಸ್‌ನ ಹೆಸರೇ ಇತ್ತು. ಅಷ್ಟನ್ನೂ ಬರೆದದ್ದು ಬೆರಳೆಣಿಕೆಯ ಕೆಲವು ಕೈಗಳು. ಅವನ ವಿರೋಧಿಗಳು ಮೊದಲೇ ಬರೆಸಿ ಹಂಚಲು ಇಟ್ಟುಕೊಂಡಿದ್ದರು ಅಂತ ಕಾಣುತ್ತದೆ. ಚುನಾವಣಾ ತಂತ್ರ ಹೊಸದೇನಲ್ಲ!

ಜನರೇ ತೀರ್ಮಾನಿಸಿದರೆ ತಪ್ಪಾಗುತ್ತಿರಲಿಲ್ಲವೇ?

ಆಗುತ್ತಿತ್ತು, ಭಯಂಕರವಾಗಿ. ಕ್ರಿ.ಪೂ. 427ರಲ್ಲಿ ಮಿಟಿಲೀನ್ ಎಂಬ ನಗರ ಅಥೆನ್ಸ್ ವಿರುದ್ಧ ದಂಗೆ ಎದ್ದು ಸೋತಿತು. ಸಿಟ್ಟಿನಲ್ಲಿದ್ದ ಸಭೆ, ಅಲ್ಲಿನ ಗಂಡಸರನ್ನೆಲ್ಲ ಕೊಲ್ಲಿ, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿ ಎಂದು ತೀರ್ಮಾನಿಸಿತು. ಆಜ್ಞೆ ಹೊತ್ತು ಹಡಗು ಹೊರಟೇಬಿಟ್ಟಿತು. ಮರುದಿನ ಜನರಿಗೆ ಮನಸ್ಸು ಕುಟುಕಿತು. ಮತ್ತೆ ಸಭೆ ಸೇರಿದರು. ಕ್ಲಿಯಾನ್ ‘ತೀರ್ಮಾನ ಬದಲಿಸಬೇಡಿ’ ಎಂದ. ಡಯೊಡೋಟಸ್ ‘ಕೊಲ್ಲುವುದರಿಂದ ನಮಗೇ ನಷ್ಟ’ ಎಂದ. ಕೈ ಎತ್ತಿದಾಗ ಎರಡೂ ಕಡೆ ಹೆಚ್ಚುಕಡಿಮೆ ಸಮ. ಕೂದಲೆಳೆಯಲ್ಲಿ ಡಯೊಡೋಟಸ್ ಗೆದ್ದ. ಎರಡನೇ ಹಡಗು ಹೊರಟಿತು. ಹುಟ್ಟು ಹಾಕುತ್ತಲೇ ಊಟ, ಸರದಿಯ ಮೇಲೆ ನಿದ್ದೆ. ಮೊದಲ ಹಡಗಿನವರು ಆಜ್ಞೆ ಓದಿ ಕೆಲಸಕ್ಕೆ ಕೈ ಹಾಕುವಷ್ಟರಲ್ಲಿ ಇವರು ಬಂದಿಳಿದರು. ಊರು ಉಳಿಯಿತು. ಆದರೂ ದಂಗೆಯ ಮುಂದಾಳುಗಳು ಎಂದು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದರು ಎಂದು ಇತಿಹಾಸಕಾರ ಥ್ಯುಸಿಡಿಡೀಸ್ ಬರೆದಿದ್ದಾನೆ.

ಕ್ರಿ.ಪೂ. 416ರಲ್ಲಿ ಮೀಲೊಸ್ ದ್ವೀಪದ ವಿಷಯದಲ್ಲಿ ಎರಡನೇ ಹಡಗು ಹೊರಡಲಿಲ್ಲ. ಗಂಡಸರನ್ನು ಕೊಂದರು, ಉಳಿದವರನ್ನು ಮಾರಿದರು. ಇದನ್ನೆಲ್ಲ ನಮಗೆ ಹೇಳಿದವನು ಶತ್ರುವಲ್ಲ, ಅಥೆನ್ಸ್‌ನ ಸೇನಾಪತಿಯಾಗಿದ್ದವನೇ. ತನ್ನ ಊರಿನ ಕ್ರೌರ್ಯವನ್ನು ಬಣ್ಣ ಬಳಿಯದೆ ಬರೆದಿಟ್ಟದ್ದು ದೊಡ್ಡ ಸಂಗತಿ. ಇತಿಹಾಸ ಬರೆಯುವುದು ಅಂದರೆ ಹೊಗಳಿ ಹಾಡುವುದಲ್ಲ ಎಂಬುದನ್ನು ಹೆರೊಡೋಟಸ್ ಮತ್ತು ಥ್ಯುಸಿಡಿಡೀಸ್ ತೋರಿಸಿಕೊಟ್ಟರು.

ಹೆಂಗಸರಿಗೆ, ಗುಲಾಮರಿಗೆ ಏನು ಸ್ಥಾನ ಇತ್ತು?

ಸಭೆಯಲ್ಲಿ ಇಬ್ಬರಿಗೂ ಸ್ಥಾನ ಇರಲಿಲ್ಲ. ಹೊರಗಿನಿಂದ ಬಂದು ನೆಲೆಸಿದವರಿಗೂ ಇರಲಿಲ್ಲ. ಅರಿಸ್ಟಾಟಲ್‌ನಂಥ ಅರಿಸ್ಟಾಟಲ್ ಕೂಡ ಅಥೆನ್ಸ್‌ನಲ್ಲಿ ಹೊರಗಿನವನೇ. ಕ್ರಿ.ಪೂ. 451ರ ಪೆರಿಕ್ಲಿಸ್‌ನ ಕಾನೂನಿನ ಪ್ರಕಾರ ತಂದೆ ತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಪೌರತ್ವ.

ಗುಲಾಮಗಿರಿಯನ್ನು ಅಡಿಟಿಪ್ಪಣಿಯಲ್ಲಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಅಥೆನ್ಸ್ ಹತ್ತಿರದ ಲಾರಿಯನ್ ಬೆಳ್ಳಿ ಗಣಿಯಲ್ಲಿ ಕ್ರಿ.ಪೂ. 483ರ ಸುಮಾರಿಗೆ ದೊಡ್ಡ ನಿಕ್ಷೇಪ ಸಿಕ್ಕಿತು. ಬಂದ ಹಣವನ್ನು ತಲೆಗೆ ಹತ್ತು ದ್ರಾಖ್ಮ ನಾಣ್ಯದಂತೆ ಹಂಚಿಕೊಳ್ಳೋಣ ಅನ್ನುವ ಮಾತಿತ್ತು. ಥೆಮಿಸ್ಟೊಕ್ಲಿಸ್ ಅದನ್ನು ತಡೆದು 200 ಯುದ್ಧನೌಕೆ ಕಟ್ಟಿಸಲು ಜನರನ್ನು ಒಪ್ಪಿಸಿದ. ಕ್ರಿ.ಪೂ. 480ರಲ್ಲಿ ಸಲಾಮಿಸ್ ಜಲಸಂಧಿಯಲ್ಲಿ ಪರ್ಷಿಯದ ದೊಡ್ಡ ನೌಕಾಪಡೆಯನ್ನು ಸೋಲಿಸಿದ್ದು ಆ ನೌಕೆಗಳಿಂದಲೇ. ಆ ಬೆಳ್ಳಿಯನ್ನು ಇಕ್ಕಟ್ಟಾದ ಸುರಂಗಗಳಲ್ಲಿ ದೀಪದ ಬೆಳಕಿನಲ್ಲಿ ಅಗೆದವರು ಗುಲಾಮರು. ಅಥೆನ್ಸ್‌ನ ಸ್ವಾತಂತ್ರ್ಯ ಉಳಿದದ್ದು ಸ್ವಾತಂತ್ರ್ಯವೇ ಇಲ್ಲದವರ ದುಡಿಮೆಯಿಂದ.

ಹೆಂಗಸರ ದನಿ ಪೂರ್ತಿ ಅಡಗಿರಲಿಲ್ಲ. ಲೆಸ್ಬೊಸ್ ದ್ವೀಪದ ಸಾಫೊ ಗ್ರೀಕ್ ಕವಿಗಳಲ್ಲೇ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬಳು. ದೇವಾಲಯಗಳಲ್ಲಿ ಪೂಜಾರಿಣಿಯರಿಗೆ ಅಧಿಕಾರ ಇತ್ತು. ಇನ್ನೊಂದು ನಗರರಾಜ್ಯ ಸ್ಪಾರ್ಟಾದ ಹೆಂಗಸರು ಭೂಮಿಯ ಒಡೆಯರಾಗಬಹುದಿತ್ತು.

ಸ್ಪಾರ್ಟಾ ಸಿನಿಮಾದಲ್ಲಿ ತೋರಿಸುವ ಹಾಗೇ ಇತ್ತಾ?

ಕಠಿಣ ಸೈನಿಕ ತರಬೇತಿ ನಿಜ. ಕ್ರಿ.ಪೂ. 480ರಲ್ಲಿ ಥರ್ಮಾಪಿಲೆ ಕಣಿವೆಯಲ್ಲಿ ಸ್ಪಾರ್ಟಾದ ರಾಜ ಲಿಯೊನಿಡಾಸ್ ಮತ್ತು ಅವನ 300 ಜನ ಪರ್ಷಿಯದ ಸೈನ್ಯದ ಎದುರು ಹೋರಾಡಿ ಸತ್ತದ್ದೂ ನಿಜ. ಆದರೆ ಅವರ ಜೊತೆ ಬೇರೆ ಊರುಗಳ ಸಾವಿರಾರು ಗ್ರೀಕರೂ ಇದ್ದರು. ಥೆಸ್ಪಿಯ ಎಂಬ ಸಣ್ಣ ಊರಿನ 700 ಜನ ಕೊನೆಯವರೆಗೂ ನಿಂತು ಸತ್ತರು. ಅವರ ಹೆಸರನ್ನು ಯಾರೂ ಹೇಳುವುದಿಲ್ಲ. ಇನ್ನು ಸ್ಪಾರ್ಟಾದವರು ದಿನವಿಡೀ ಕತ್ತಿ ವರಸೆ ಕಲಿಯಲು ಆಗುತ್ತಿದ್ದದ್ದು ಹೆಲಟ್ ಎಂಬ ಜೀತದ ಜನ ಅವರ ಹೊಲ ಉಳುತ್ತಿದ್ದುದರಿಂದ.

ಸಾಕ್ರೆಟಿಸ್‌ನನ್ನು ಯಾಕೆ ಕೊಂದರು?

ಕ್ರಿ.ಪೂ. 399ರಲ್ಲಿ ಅವನಿಗೆ 70 ವರ್ಷ. ಊರಿನ ದೇವರನ್ನು ನಂಬುವುದಿಲ್ಲ, ಯುವಕರನ್ನು ಕೆಡಿಸುತ್ತಾನೆ ಎಂದು ಆರೋಪ. ಸುಮಾರು 500 ಜನ ನ್ಯಾಯದರ್ಶಿಗಳು ಕೂತರು. 30 ಮತ ಆಚೆಯಿಂದ ಈಚೆ ಬಿದ್ದಿದ್ದರೆ ಬಿಡುಗಡೆ ಆಗುತ್ತಿತ್ತು ಎಂದು ಪ್ಲೇಟೊ ಬರೆದಿದ್ದಾನೆ.

ಹಿನ್ನೆಲೆ ಗೊತ್ತಿಲ್ಲದಿದ್ದರೆ ಇದು ಅರ್ಥವಾಗುವುದಿಲ್ಲ. ಅಥೆನ್ಸ್ ಐದು ವರ್ಷ ಹಿಂದಷ್ಟೇ ಸ್ಪಾರ್ಟಾಕ್ಕೆ ಸೋತಿತ್ತು. ಆಮೇಲೆ 30 ಜನರ ಸರ್ವಾಧಿಕಾರ ಬಂದು ನೂರಾರು ನಾಗರಿಕರನ್ನು ಕೊಂದಿತ್ತು. ಅದರ ನಾಯಕ ಕ್ರಿಟಿಯಾಸ್ ಒಂದು ಕಾಲದಲ್ಲಿ ಸಾಕ್ರೆಟಿಸ್‌ನ ಒಡನಾಡಿ. ಜನರ ಗಾಯ ಹಸಿಯಾಗಿತ್ತು.

ಆದರೆ ಇದೇ ಸಾಕ್ರೆಟಿಸ್ ಕ್ರಿ.ಪೂ. 406ರಲ್ಲಿ ಏನು ಮಾಡಿದ್ದ ಎಂಬುದನ್ನೂ ನೆನೆಯಬೇಕು. ಚೀಟಿಯಲ್ಲಿ ಹೆಸರು ಬಂದು ಅವನು ಮಂಡಳಿಯಲ್ಲಿದ್ದ. ಸಮುದ್ರ ಯುದ್ಧದಲ್ಲಿ ಗೆದ್ದ ಸೇನಾಪತಿಗಳು ಬಿರುಗಾಳಿಯಲ್ಲಿ ಮುಳುಗುತ್ತಿದ್ದ ತಮ್ಮವರನ್ನು ಉಳಿಸಲಿಲ್ಲ ಎಂದು ಸಭೆ ಕೆರಳಿತ್ತು. ಎಲ್ಲರನ್ನೂ ಒಟ್ಟಿಗೆ, ಒಂದೇ ಮತದಲ್ಲಿ ಸಾವಿಗೆ ತಳ್ಳಬೇಕೆಂದು ಬೊಬ್ಬೆ ಹಾಕಿತು. ಒಬ್ಬೊಬ್ಬರ ವಿಚಾರಣೆ ಬೇರೆ ಬೇರೆ ನಡೆಯಬೇಕು, ಇದು ಕಾನೂನಿಗೆ ವಿರುದ್ಧ ಎಂದು ಸಾಕ್ರೆಟಿಸ್ ಒಪ್ಪಲಿಲ್ಲ. ಅವನ ಮಾತು ನಡೆಯಲಿಲ್ಲ. ಆರು ಜನರ ತಲೆ ಹೋಯಿತು. ಆಮೇಲೆ ಜನ ಪಶ್ಚಾತ್ತಾಪಪಟ್ಟರು. ಬೊಬ್ಬೆಯ ನಡುವೆ ‘ಕಾರಣ ಕೊಡಿ’ ಅನ್ನುವ ಧೈರ್ಯ ಅದು. ವಿಷ ಕುಡಿದ ದೃಶ್ಯಕ್ಕಿಂತ ನನಗೆ ಇದೇ ದೊಡ್ಡದು.

ಭೂಮಿಯ ಸುತ್ತಳತೆಯನ್ನು ಒಂದು ಕೋಲಿನಿಂದ ಅಳೆದದ್ದು ನಿಜವಾ?

ನಿಜ. ಎರಟೋಸ್ಥನೀಸ್ ಅಲೆಕ್ಸಾಂಡ್ರಿಯದ ದೊಡ್ಡ ಗ್ರಂಥಾಲಯದ ಮುಖ್ಯಸ್ಥ. ಕಾಲ ಕ್ರಿ.ಪೂ. 240ರ ಆಸುಪಾಸು. ಈಜಿಪ್ಟಿನ ದಕ್ಷಿಣದ ಸಯೀನ್ ಊರಿನಲ್ಲಿ, ಅಂದರೆ ಇಂದಿನ ಆಸ್ವಾನ್‌ನಲ್ಲಿ, ಬೇಸಿಗೆಯ ಅತಿ ಉದ್ದದ ಹಗಲಿನ ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಗೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದೇ ಹೊತ್ತಿಗೆ ಉತ್ತರದ ಅಲೆಕ್ಸಾಂಡ್ರಿಯದಲ್ಲಿ ನೆರಳು ಬೀಳುತ್ತಿತ್ತು. ಅದರ ಕೋನ ಪೂರ್ತಿ ವೃತ್ತದ ಐವತ್ತನೇ ಒಂದು ಭಾಗ. ಎರಡು ಊರಿನ ನಡುವಿನ ದೂರ 5,000 ಸ್ಟೇಡಿಯ (ಸ್ಟೇಡಿಯನ್ ಅಂದರೆ ಗ್ರೀಕರ ದೂರದ ಅಳತೆ). ಹಾಗಾದರೆ ಭೂಮಿಯ ಸುತ್ತಳತೆ ಅದರ ಐವತ್ತರಷ್ಟು, 2,50,000 ಸ್ಟೇಡಿಯ. ಅವನು ಬಳಸಿದ ಸ್ಟೇಡಿಯನ್ ಎಷ್ಟು ಉದ್ದ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. 185 ಮೀಟರ್ ಅಂದರೂ ಉತ್ತರ ಶೇ. 16ಕ್ಕಿಂತ ಹೆಚ್ಚು ತಪ್ಪುವುದಿಲ್ಲ.

ಇದನ್ನು ನಾವೂ ಮಾಡಿ ನೋಡಬಹುದು. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು, ಶೂನ್ಯ ನೆರಳಿನ ದಿನ ಬರುತ್ತದೆ. ಪತ್ರಿಕೆಗಳಲ್ಲಿ ನೋಡಿರುತ್ತೀರಿ. ದೆಹಲಿ ಬೆಂಗಳೂರಿನಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೇ ಇದೆ, ಸುಮಾರು 1,740 ಕಿ.ಮೀ. ದೂರ. ಆ ಮಧ್ಯಾಹ್ನ ದೆಹಲಿಯಲ್ಲಿರುವ ಸ್ನೇಹಿತರಿಗೆ ಫೋನ್ ಮಾಡಿ, ಒಂದು ಮೀಟರ್ ಕೋಲು ನೆಟ್ಟು ನೆರಳು ಅಳೆಯಲು ಹೇಳಿ. ಸುಮಾರು 28 ಸೆಂ.ಮೀ. ಬರುತ್ತದೆ. ಅಂದರೆ 15.6 ಡಿಗ್ರಿ ಕೋನ. ಈಗ 360ನ್ನು 15.6ರಿಂದ ಭಾಗಿಸಿ 1,740ರಿಂದ ಗುಣಿಸಿ. ಉತ್ತರ 40,000 ಕಿ.ಮೀ. ಹತ್ತಿರ ಬರುತ್ತದೆ. ಭೂಮಿಯ ನಿಜವಾದ ಸುತ್ತಳತೆಯೂ ಅಷ್ಟೇ. ಹೈಸ್ಕೂಲ್ ಮೇಷ್ಟ್ರುಗಳು ಮಕ್ಕಳ ಕೈಯಲ್ಲಿ ಇದನ್ನು ಒಮ್ಮೆಯಾದರೂ ಮಾಡಿಸಬೇಕು.

ಗ್ರೀಕರ ಬಳಿ ಕಂಪ್ಯೂಟರ್ ಇತ್ತು ಅನ್ನುತ್ತಾರಲ್ಲ?

1901ರಲ್ಲಿ ಆಂಟಿಕಿಥೆರ ದ್ವೀಪದ ಬಳಿ ಮುಳುಗಿದ್ದ ಹಳೆಯ ಹಡಗಿನಿಂದ ಸ್ಪಂಜು ತೆಗೆಯುವ ಮುಳುಗುಗಾರರು ಮೂರ್ತಿಗಳನ್ನೂ ಪಾತ್ರೆಗಳನ್ನೂ ಮೇಲೆತ್ತಿದರು. ಅದರಲ್ಲಿ ಕಿಲುಬು ಹಿಡಿದ ಒಂದು ಕಂಚಿನ ಗಡ್ಡೆ ಇತ್ತು. ಒಡೆದಾಗ ಹಲ್ಲಿನ ಚಕ್ರಗಳು ಕಂಡವು. ಉಳಿದಿರುವುದು 82 ತುಂಡು, 30 ಚಕ್ರ. 2005ರಲ್ಲಿ ಎಕ್ಸ್‌ರೇ ಸ್ಕ್ಯಾನ್ ಮಾಡಿ ಒಳಗಿನ ಬರಹ ಓದಿದರು.

ಅದು ಕೈಯಿಂದ ತಿರುಗಿಸುವ ಆಕಾಶದ ಲೆಕ್ಕದ ಯಂತ್ರ. ಹಿಡಿ ತಿರುಗಿಸಿದರೆ ಸೂರ್ಯ ಚಂದ್ರರ ಸ್ಥಾನ, ಚಂದ್ರನ ಕಲೆ, ಗ್ರಹಣ ಬರಬಹುದಾದ ತಿಂಗಳು ಎಲ್ಲ ಮುಳ್ಳುಗಳಲ್ಲಿ ಕಾಣುತ್ತಿತ್ತು. ಒಲಿಂಪಿಕ್ಸ್ ಯಾವ ವರ್ಷ ಎಂಬುದನ್ನು ತೋರಿಸುವ ಸಣ್ಣ ಮುಖವೂ ಇತ್ತು. ಗ್ರಹಣದ ಮುಖ 223 ಚಾಂದ್ರಮಾಸದ ಲೆಕ್ಕದ್ದು. ಇನ್ನೊಂದು ಮುಖ 19 ವರ್ಷಕ್ಕೆ 235 ಚಾಂದ್ರಮಾಸ ಎಂಬ ಲೆಕ್ಕದ್ದು. ನಮ್ಮ ಪಂಚಾಂಗ ಗೊತ್ತಿರುವವರಿಗೆ ಇದು ಕೂಡಲೇ ಹೊಳೆಯುತ್ತದೆ. 19 ವರ್ಷಕ್ಕೆ 228 ತಿಂಗಳು, ಜೊತೆಗೆ 7 ಅಧಿಕ ಮಾಸ. ಆಕಾಶ ಎಲ್ಲರಿಗೂ ಒಂದೇ ತಾನೇ. ಇಷ್ಟು ಸೂಕ್ಷ್ಮವಾದ ಚಕ್ರಗಳ ಕೆಲಸ ಯುರೋಪಿನಲ್ಲಿ ಮತ್ತೆ ಕಾಣುವುದು 14ನೇ ಶತಮಾನದ ಗಡಿಯಾರಗಳಲ್ಲಿ.

ವೈದ್ಯಕ್ಕೆ ಅವರ ಕೊಡುಗೆ ಏನು?

ಕಾಸ್ ದ್ವೀಪದ ಹಿಪಾಕ್ರಟಿಸ್‌ನ ಹೆಸರಿನಲ್ಲಿ ಹತ್ತಾರು ಬರಹಗಳಿವೆ. ಬರೆದವರು ಹಲವರು. ಅದರಲ್ಲಿ ಒಂದು ಮೂರ್ಛೆ ರೋಗದ ಬಗ್ಗೆ. ಜನ ಅದನ್ನು ದೇವರು ಮೈಮೇಲೆ ಬರುವ ರೋಗ ಎನ್ನುತ್ತಿದ್ದರು. ಬರೆದವನು ಹೇಳುವುದು ಇಷ್ಟು: ಬೇರೆ ರೋಗಗಳಿಗಿಂತ ಇದು ಹೆಚ್ಚು ದೈವಿಕವೇನಲ್ಲ, ಇದಕ್ಕೂ ದೇಹದೊಳಗೆ ಕಾರಣ ಇದೆ, ಅದು ಮೆದುಳಿನಲ್ಲಿದೆ. ಅವನು ಹೇಳಿದ ಕಫದ ವಿವರಣೆ ತಪ್ಪು. ಆದರೆ ಹುಡುಕಿದ ದಿಕ್ಕು ಸರಿ. ಇವತ್ತಿಗೂ ಮೂರ್ಛೆ ಬಂದವರನ್ನು ಆಸ್ಪತ್ರೆಗೆ ಬದಲು ಬೇರೆಲ್ಲಿಗೋ ಕರೆದೊಯ್ಯುವವರಿದ್ದಾರೆ. 2,400 ವರ್ಷ ಹಳೆಯ ಈ ಮಾತು ಇನ್ನೂ ಬೇಕಾಗಿದೆ.

ಗ್ರೀಕ್ ನಾಟಕಗಳನ್ನು ಇಷ್ಟೊಂದು ಹೊಗಳುವುದು ಯಾಕೆ?

ವಸಂತದಲ್ಲಿ ಡಯೊನೈಸಸ್ ದೇವರ ಹಬ್ಬಕ್ಕೆ ಇಡೀ ಅಥೆನ್ಸ್ ಗುಡ್ಡದ ಇಳಿಜಾರಿನಲ್ಲಿ ಕೂರುತ್ತಿತ್ತು. ನಮ್ಮ ಬಯಲಾಟದ ಹಾಗೆ ತೆರೆದ ಆಕಾಶದ ಕೆಳಗೆ ಆಟ, ಹಾಡು ಕುಣಿತ ಎರಡೂ ಉಂಟು, ಗಂಡಸರೇ ಎಲ್ಲ ವೇಷ. ಮುಖವಾಡ ಹಾಕುತ್ತಿದ್ದರು. ಮೂವರು ಕವಿಗಳ ನಡುವೆ ಸ್ಪರ್ಧೆ, ಒಬ್ಬೊಬ್ಬರದು ಮೂರು ರುದ್ರನಾಟಕ ಮತ್ತು ಒಂದು ನಗೆಯಾಟ. ಮೇಳದ ಖರ್ಚು ಊರಿನ ಶ್ರೀಮಂತನ ತಲೆಯ ಮೇಲೆ. ತೀರ್ಪುಗಾರರನ್ನು ಇಲ್ಲೂ ಚೀಟಿ ಎತ್ತಿಯೇ ಆರಿಸುತ್ತಿದ್ದರು.

ಕ್ರಿ.ಪೂ. 472ರಲ್ಲಿ ಈಸ್ಕಿಲಸ್ ಆಡಿಸಿದ ನಾಟಕ ನೋಡಿ. ಎಂಟು ವರ್ಷ ಹಿಂದೆ ಪರ್ಷಿಯದವರು ಅಥೆನ್ಸ್‌ಗೆ ಬೆಂಕಿ ಇಟ್ಟಿದ್ದರು. ಸಲಾಮಿಸ್‌ನಲ್ಲಿ ಹುಟ್ಟು ಹಾಕಿದವರು, ಮಕ್ಕಳನ್ನು ಕಳೆದುಕೊಂಡವರು ಪ್ರೇಕ್ಷಕರಲ್ಲಿದ್ದರು. ಈಸ್ಕಿಲಸ್ ತಾನೇ ಪರ್ಷಿಯದವರ ವಿರುದ್ಧ ಮ್ಯಾರಥಾನ್ ಯುದ್ಧದಲ್ಲಿ ಕಾದಿದವನು. ಅಂಥವನು ನಾಟಕವನ್ನು ಇಟ್ಟದ್ದು ಶತ್ರುವಿನ ಅರಮನೆಯಲ್ಲಿ. ಮಗನ ಸುದ್ದಿಗೆ ಕಾಯುವ ಪರ್ಷಿಯದ ರಾಣಿ, ಒಂದೊಂದೇ ಹೆಸರು ಹೇಳುತ್ತಾ ಸತ್ತವರ ಪಟ್ಟಿ ಓದುವ ದೂತ, ಹರಿದ ಬಟ್ಟೆಯಲ್ಲಿ ಮರಳುವ ದೊರೆ ಕ್ಸರ್ಕ್ಸಿಸ್. ಗೆದ್ದ ಊರು ಕೂತು ಸೋತವರ ಅಳುವನ್ನು ಕೇಳಿತು, ಬಹುಮಾನವನ್ನೂ ಕೊಟ್ಟಿತು. ಗೆದ್ದವರಲ್ಲಿ ಇಂಥ ಮನಸ್ಸು ಸುಮ್ನೆ ಬರುವುದಿಲ್ಲ.

ಈ ನಾಟಕ ಕನ್ನಡದಲ್ಲಿದೆ. ಬಿ.ಎಂ. ಶ್ರೀಕಂಠಯ್ಯನವರು ಅದನ್ನು ‘ಪಾರಸಿಕರು’ ಎಂದು ತಂದರು. ಇನ್ನೊಬ್ಬ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಏಜಾಕ್ಸ್‌ನ ಕಥೆಯನ್ನು ಮಹಾಭಾರತಕ್ಕೆ ಒಗ್ಗಿಸಿ ‘ಅಶ್ವತ್ಥಾಮನ್’ ಬರೆದರು. ರನ್ನನ ಕಾವ್ಯವನ್ನು ಗ್ರೀಕ್ ರುದ್ರನಾಟಕದ ಅಚ್ಚಿಗೆ ಹಾಕಿ ‘ಗದಾಯುದ್ಧ ನಾಟಕಂ’ ಮಾಡಿದರು. ರನ್ನನಿಗೂ ಸೊಫೊಕ್ಲಿಸ್‌ಗೂ ಒಂದೇ ರಂಗದ ಮೇಲೆ ಜಾಗ ಮಾಡಿಕೊಟ್ಟ ಆ ಧೈರ್ಯಕ್ಕೆ ನಾವು ಇನ್ನೂ ತಕ್ಕ ಬೆಲೆ ಕೊಟ್ಟಿಲ್ಲ ಎಂದು ನನ್ನ ಅನಿಸಿಕೆ.

ಹಳೆಯ ಒಲಿಂಪಿಕ್ಸ್ ಹೇಗಿತ್ತು?

ಕ್ರಿ.ಪೂ. 776ರಿಂದ ಎಂಬುದು ಸಂಪ್ರದಾಯದ ಲೆಕ್ಕ. ಗ್ರೀಕ್ ಗಂಡಸರಿಗೆ ಮಾತ್ರ, ಬರೀ ಮೈಯಲ್ಲಿ ಓಟ, ಕುಸ್ತಿ, ಜೊತೆಗೆ ರಥದ ಪಂದ್ಯವೂ ಇತ್ತು. ಗೆದ್ದವನಿಗೆ ಆಲಿವ್ ಎಲೆಯ ಕಿರೀಟ. ರಥದ ಪಂದ್ಯದಲ್ಲಿ ಬಹುಮಾನ ಕುದುರೆಯ ಮಾಲೀಕರಿಗೆ ಹೋಗುತ್ತಿತ್ತು. ಹೀಗಾಗಿ ಸ್ಪಾರ್ಟಾದ ರಾಜಕುಮಾರಿ ಕಿನಿಸ್ಕ ಕ್ರಿ.ಪೂ. 396 ಮತ್ತು 392ರಲ್ಲಿ ಗೆದ್ದಳು. ಮ್ಯಾರಥಾನ್ ಓಟ ಆಗ ಇರಲಿಲ್ಲ, ಅದು 1896ರ ಹೊಸ ಒಲಿಂಪಿಕ್ಸ್‌ನದು.

ಇಷ್ಟು ಹಳೆಯ ಪುಸ್ತಕಗಳು ಉಳಿದದ್ದು ಹೇಗೆ?

ಬಹುಪಾಲು ಉಳಿಯಲಿಲ್ಲ. ಸೊಫೊಕ್ಲಿಸ್ ಬರೆದದ್ದು 120ಕ್ಕೂ ಹೆಚ್ಚು ನಾಟಕ, ಪೂರ್ತಿ ಉಳಿದಿರುವುದು 7. ಅಲೆಕ್ಸಾಂಡ್ರಿಯದ ಗ್ರಂಥಾಲಯ ಒಂದೇ ರಾತ್ರಿ ಸುಟ್ಟುಹೋಯಿತು ಅನ್ನುವ ಕಥೆ ಬಹಳ ಓಡಾಡುತ್ತದೆ. ನಿಜದಲ್ಲಿ ಅದು ನೂರಾರು ವರ್ಷಗಳ ಅಲಕ್ಷ್ಯದಲ್ಲಿ ಸವೆಯಿತು. ಪಪೈರಸ್ ಹಾಳೆ ಹಾಳಾಗುತ್ತದೆ. ಮತ್ತೆ ಮತ್ತೆ ನಕಲು ಮಾಡುವವರಿದ್ದರೆ ಮಾತ್ರ ಪುಸ್ತಕ ಬದುಕುತ್ತದೆ.

ನಕಲು ಮಾಡಿದವರು ಯಾರು? ಕಾನ್‌ಸ್ಟಾಂಟಿನೋಪಲ್‌ನ ಲಿಪಿಕಾರರು, ಸಿರಿಯಾದ ಕ್ರೈಸ್ತ ಪಂಡಿತರು, ಬಾಗ್ದಾದಿನ ಅನುವಾದಕರು. 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಹುನೈನ್ ಇಬ್ನ್ ಇಸ್ಹಾಕ್ ವೈದ್ಯ ಗೇಲನ್‌ನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿಗೆ ತಂದ. ಹಲವು ಪ್ರತಿಗಳನ್ನು ಹೋಲಿಸಿ ಸರಿಯಾದ ಪಾಠ ಗೊತ್ತುಮಾಡಿಕೊಂಡ ಮೇಲೇ ಅನುವಾದ. ಗೇಲನ್‌ನ ಒಂದು ಗ್ರಂಥಕ್ಕಾಗಿ ಇರಾಕ್, ಸಿರಿಯ, ಪ್ಯಾಲೆಸ್ಟೈನ್, ಈಜಿಪ್ಟ್ ಎಲ್ಲ ಅಲೆದೆ, ಕೊನೆಗೆ ಡಮಾಸ್ಕಸ್‌ನಲ್ಲಿ ಅರ್ಧದಷ್ಟು ಮಾತ್ರ ಸಿಕ್ಕಿತು ಎಂದು ಅವನೇ ಬರೆದುಕೊಂಡಿದ್ದಾನೆ. 12ನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಇಂಥ ಅರಬ್ಬಿ ಗ್ರಂಥಗಳು ಲ್ಯಾಟಿನ್‌ಗೆ ಬಂದವು. ಯುರೋಪ್ ಎಷ್ಟೋ ಗ್ರೀಕ್ ವಿದ್ಯೆಯನ್ನು ಮತ್ತೆ ಕಲಿತದ್ದು ಅರಬ್ಬಿಯ ಮೂಲಕ. ಗ್ರೀಕ್ ಪರಂಪರೆ ಪಶ್ಚಿಮದವರ ಸ್ವಂತ ಆಸ್ತಿ ಎನ್ನುವವರು ಇದನ್ನು ಮರೆಯಬಾರದು.

ಆರ್ಕಿಮಿಡೀಸ್‌ನ ಒಂದು ಹೊತ್ತಿಗೆಯ ಕಥೆ ಇನ್ನೂ ಮನ ಕಲಕುತ್ತದೆ. 10ನೇ ಶತಮಾನದಲ್ಲಿ ನಕಲಾದ ಪ್ರತಿ. 13ನೇ ಶತಮಾನದಲ್ಲಿ ಚರ್ಮದ ಹಾಳೆ ಬೇಕಾಗಿ ಅಕ್ಷರ ಕೆರೆದು ಮೇಲೆ ಪ್ರಾರ್ಥನೆ ಬರೆದರು. 1906ರಲ್ಲಿ ಡೆನ್ಮಾರ್ಕಿನ ಹೈಬರ್ಗ್ ಅಡಿಯಲ್ಲಿದ್ದ ಗಣಿತವನ್ನು ಗುರುತಿಸಿದರು. ಆಮೇಲೆ ಪುಸ್ತಕ ಕಣ್ಮರೆಯಾಗಿ 1998ರಲ್ಲಿ ಹರಾಜಿಗೆ ಬಂತು. ಹೊಸ ಬಗೆಯ ಬೆಳಕಿನಲ್ಲಿ ಚಿತ್ರ ತೆಗೆದು ಕೆರೆದುಹಾಕಿದ ಸಾಲುಗಳನ್ನು ಓದಿದರು. ಅದರೊಳಗಿನ ಒಂದು ಗ್ರಂಥದ ಗ್ರೀಕ್ ಮೂಲ ಬೇರೆಲ್ಲೂ ಇಲ್ಲ.

ಭಾರತಕ್ಕೂ ಗ್ರೀಕರಿಗೂ ಏನು ನಂಟು? ಕರ್ನಾಟಕಕ್ಕೆ?

ಅಶೋಕನ 13ನೇ ಬಂಡೆ ಶಾಸನದಲ್ಲಿ ಐವರು ಗ್ರೀಕ್ ರಾಜರ ಹೆಸರುಗಳಿವೆ. ಕಂದಹಾರದಲ್ಲಿ ಅವನ ಶಾಸನ ಗ್ರೀಕ್ ಭಾಷೆಯಲ್ಲೇ ಸಿಕ್ಕಿದೆ. ಮಧ್ಯಪ್ರದೇಶದ ವಿದಿಶಾ ಬಳಿ ಕ್ರಿ.ಪೂ. 2ನೇ ಶತಮಾನದ ಕೊನೆಯ ಒಂದು ಗರುಡಗಂಬ ಇದೆ. ಅದನ್ನು ವಾಸುದೇವನಿಗೆ ನಿಲ್ಲಿಸಿದವನು ತಕ್ಷಶಿಲೆಯಿಂದ ಬಂದ ಗ್ರೀಕ್ ರಾಯಭಾರಿ ಹೆಲಿಯೊಡೋರಸ್. ಗ್ರೀಕ್ ದೊರೆ ಮಿನಾಂಡರ್ ಬೌದ್ಧ ಭಿಕ್ಷು ನಾಗಸೇನನಿಗೆ ಕೇಳಿದ ಪ್ರಶ್ನೆಗಳೇ ಪಾಲಿ ಭಾಷೆಯ ‘ಮಿಲಿಂದ ಪನ್ಹ’.

ಕರ್ನಾಟಕದ ವಿಷಯಕ್ಕೆ ಬಂದರೆ, ಕ್ರಿ.ಶ. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ಗ್ರೀಕ್‌ನಲ್ಲಿ ಬರೆದ ಭೂಗೋಳದಲ್ಲಿ ಬನವಾಸಿಯ ಹೆಸರಿದೆ. ಇನ್ನೊಂದು ಕುತೂಹಲದ ಸಂಗತಿ ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಕಸದ ದಿಬ್ಬದಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನ. ಭಾರತದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ಹುಡುಗಿ ಖಾರಿಟಿಯಾನ್‌ಳನ್ನು ಅವಳ ಅಣ್ಣ ಬಿಡಿಸಿಕೊಂಡು ಹೋಗುವ ಕಥೆ. ಸ್ಥಳೀಯ ರಾಜನಿಗೆ ಮದ್ಯ ಕುಡಿಸಿ ತಪ್ಪಿಸಿಕೊಳ್ಳುತ್ತಾರೆ. ಆ ರಾಜ ಆಡುವ ಮಾತು ಕನ್ನಡ ಎಂದು ಜರ್ಮನಿಯ ಹುಲ್ಟ್ಷ್ 1904ರಲ್ಲಿ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಅದನ್ನು ಮುಂದುವರಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ವಾಟ್ಸಾಪ್‌ನಲ್ಲಿ ಇದು ರುಜುವಾದ ಸತ್ಯ ಎಂದು ಬಂದರೆ ಹಾಗೇ ಮುಂದಕ್ಕೆ ಕಳಿಸಬೇಡಿ. ಚರ್ಚೆ ನಡೆದಿದೆ ಅನ್ನುವುದಷ್ಟೇ ಸರಿ.

ಪಾರ್ಥೆನಾನ್ ಶಿಲ್ಪಗಳ ಜಗಳ ಏನು?

ಅಥೆನ್ಸ್‌ನ ಹೆಸರಾಂತ ದೇವಾಲಯ ಪಾರ್ಥೆನಾನ್ ಕಟ್ಟಿದ್ದು ಕ್ರಿ.ಪೂ. 447ರಿಂದ 432ರವರೆಗೆ. ಶಿಲ್ಪಗಳಿಗೆ ಗಾಢ ಬಣ್ಣ ಬಳಿದಿದ್ದರು, ಈಗ ಕಾಣುವ ಬಿಳುಪು ಕಾಲ ತೊಳೆದು ಬಿಟ್ಟದ್ದು. 1687ರಲ್ಲಿ ಒಳಗೆ ತುಂಬಿಟ್ಟಿದ್ದ ತುರ್ಕರ ಸಿಡಿಮದ್ದಿಗೆ ವೆನಿಸ್ ಸೈನ್ಯದ ಗುಂಡು ಬಿದ್ದು ನಡುಭಾಗ ಸಿಡಿಯಿತು. 19ನೇ ಶತಮಾನದ ಶುರುವಿನಲ್ಲಿ ಬ್ರಿಟಿಷ್ ರಾಯಭಾರಿ ಎಲ್ಗಿನ್ ಉಳಿದ ಶಿಲ್ಪಗಳಲ್ಲಿ ಸುಮಾರು ಅರ್ಧವನ್ನು ಕಿತ್ತು ಸಾಗಿಸಿದ. 1816ರಿಂದ ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅಥೆನ್ಸ್ 2009ರಲ್ಲಿ ಅದಕ್ಕೆಂದೇ ಹೊಸ ವಸ್ತುಸಂಗ್ರಹಾಲಯ ಕಟ್ಟಿ ಜಾಗ ಕಾಯ್ದಿರಿಸಿದೆ. ಒಂದೇ ಮೆರವಣಿಗೆಯ ಕುದುರೆಯ ತಲೆ ಒಂದು ದೇಶದಲ್ಲಿ, ಸವಾರ ಇನ್ನೊಂದು ದೇಶದಲ್ಲಿ ಇರಬಾರದು. ಅವು ಅಥೆನ್ಸ್‌ಗೆ ಮರಳಬೇಕು.

ಕನ್ನಡದಲ್ಲಿ ಎಲ್ಲಿಂದ ಓದಲು ಶುರು ಮಾಡಲಿ?

‘ಪಾರಸಿಕರು’ ಚಿಕ್ಕದು, ಅದರಿಂದ ಶುರು ಮಾಡಿ. ಆಮೇಲೆ ‘ಅಶ್ವತ್ಥಾಮನ್’. ಹಳಗನ್ನಡದ ಬಿಗಿ ಕಷ್ಟ ಅನಿಸಿದರೆ ಪಿ. ಲಂಕೇಶ್ ಕನ್ನಡಕ್ಕೆ ತಂದ ‘ದೊರೆ ಈಡಿಪಸ್’ ಮತ್ತು ‘ಅಂತಿಗೊನೆ’ ಹಿಡಿಯಿರಿ. ಅಂತಿಗೊನೆಯಲ್ಲಿ ಅಣ್ಣನ ಹೆಣಕ್ಕೆ ಮಣ್ಣು ಕೊಡಲು ರಾಜಾಜ್ಞೆ ಮೀರುವ ಹುಡುಗಿಗೂ, ಊರಿನ ಕಾನೂನು ಕಾಯಬೇಕಾದ ದೊರೆಗೂ ನಡೆಯುವ ವಾದವನ್ನು ಎರಡು ಸಲ ಓದಿ. ಮೊದಲ ಸಲ ಅವಳ ಪಕ್ಷ ವಹಿಸಿ, ಎರಡನೇ ಸಲ ಅವನ ಪಕ್ಷ ವಹಿಸಿ. ಮನೆಯಲ್ಲಿ ಇಬ್ಬರಿದ್ದರೆ ಗಟ್ಟಿಯಾಗಿ ಓದಿ, ಅದು ಆಡಲಿಕ್ಕೆ ಬರೆದದ್ದು.